ಟೊರಾಂಟೊ ಕಡೆ ಮನೆ ಕೊಂಡ ಹೊಸಬರಿಗೆ: ಬೇಸ್‌ಮೆಂಟ್ ಒಣಗಿರಬೇಕಾದರೆ

ಜುಲೈನಲ್ಲಿ ಬೇಸ್‌ಮೆಂಟಿನಿಂದ ಮುಗ್ಗಲು ವಾಸನೆ ಬಂತೆಂದರೆ ನಮ್ಮ ಕೈ ತಾನಾಗಿ ಕಿಟಕಿಯತ್ತ ಹೋಗುತ್ತದೆ. ಊರಿನ ಮನೆಗೆ ಅದು ಸರಿ, ಇಲ್ಲಿ ಅದರಿಂದಲೇ ಕೆಡುತ್ತದೆ. ಮಣ್ಣಿನೊಳಗಿನ ಗೋಡೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಹೊರಗಿನ ಸೆಕೆಗಾಳಿ ತಗುಲಿದರೆ ಐಸ್‌ನೀರಿನ ಲೋಟದಂತೆ ಬೆವರುತ್ತದೆ. ಹಾಗಾಗಿ ಸೆಕೆಗಾಲ ಮುಗಿಯುವವರೆಗೆ ಕಿಟಕಿ ಮುಚ್ಚಿಟ್ಟು ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಓಡಿಸಿ, ತೇವಾಂಶ 50%ಗೆ ಇಡಿ. ಅದರ ಬಕೆಟ್ ತುಂಬಿದರೆ ಯಂತ್ರ ನಿಂತುಬಿಡುತ್ತದೆ; ಹಿಂಬದಿಗೆ ಪೈಪ್ ಸಿಕ್ಕಿಸಿ ನೆಲದ ಡ್ರೈನಿಗೆ ಬಿಡಿ. ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ಇಟ್ಟುಕೊಳ್ಳಿ. ತೇವಾಂಶ 60% ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುತ್ತದೆ.

ಆದರೆ ತೇವ ಗಾಳಿಯದೋ ಮಣ್ಣಿನದೋ? ಎರಡಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಟೇಪ್ ಮಾಡಿ ಎರಡು ದಿನ ಬಿಡಿ. ಕೋಣೆಯ ಕಡೆ ಹನಿ ಕಟ್ಟಿದರೆ ಗಾಳಿಯದು. ಗೋಡೆಯ ಕಡೆ ಒದ್ದೆಯಾದರೆ ಮಣ್ಣಿನ ನೀರು ಕಾಂಕ್ರೀಟ್ ದಾಟಿ ಬರುತ್ತಿದೆ. ಬಿಳಿ ಉಪ್ಪಿನ ಪುಡಿ ಏಳುವುದೂ ಇದರ ಗುರುತೇ. ದಯವಿಟ್ಟು ಅದರ ಮೇಲೆ ವಾಟರ್‌ಪ್ರೂಫ್ ಪೇಂಟ್ ಬಳಿಸಬೇಡಿ; ಹಿಂದಿನಿಂದ ನೀರು ಒತ್ತುವುದರಿಂದ ಅದು ಹೊಪ್ಪಳೆಯಾಗಿ ಏಳುತ್ತದೆ.

ಹೊರಗೆ ಹೋಗಿ ನೋಡಿ. ಎಷ್ಟೋ ಸಲ ತಪ್ಪು ಚಾವಣಿಯ ನೀರಿನದು. ಆ ನೀರನ್ನು ಕೆಳಗಿಳಿಸುವ ಕೊಳವೆಯ (ಡೌನ್‌ಸ್ಪೌಟ್) ಬಾಯಿ ಗೋಡೆಯಿಂದ ಆರಡಿ ದೂರವಿರಲಿ, ಪಕ್ಕದ ಮನೆಯತ್ತ ತಿರುಗದಿರಲಿ. ಮಣ್ಣು ಗೋಡೆಯಿಂದಾಚೆ ಹತ್ತು ಅಡಿಗೆ ಆರು ಇಂಚು ಇಳಿಯಬೇಕು. ಎಲೆ ಉದುರಿದ ಮೇಲೆ, ನವೆಂಬರಿನಲ್ಲಿ, ಚಾವಣಿ ಅಂಚಿನ ಗಟರ್ ಸ್ವಚ್ಛ ಮಾಡಿಸಿ. ಇಷ್ಟಾಗಿಯೂ ಒದ್ದೆಯಾದರೆ ಮಾತ್ರ ಬಿರುಕು ತುಂಬಿಸುವ ಇಂಜೆಕ್ಷನ್, ಅಡಿಪಾಯದ ಸುತ್ತ ನೀರು ಹರಿಸುವ ತೂತಿನ ಕೊಳವೆ (ವೀಪಿಂಗ್ ಟೈಲ್) ಎಂದು ದೊಡ್ಡ ಖರ್ಚಿಗೆ ಕೈಹಾಕಿ.

ಬೇಸ್‌ಮೆಂಟಿನ ಗುಂಡಿಯಲ್ಲಿ ಸೇರುವ ನೀರನ್ನು ಹೊರಹಾಕುವ ಸಂಪ್ ಪಂಪ್ ಇದ್ದರೆ ಹಿಮ ಕರಗುವ ಮುನ್ನ ಗುಂಡಿಗೆ ಒಂದೆರಡು ಬಕೆಟ್ ನೀರು ಸುರಿದು, ಪಂಪ್ ಚಾಲೂ ಮಾಡುವ ತೇಲುಬುರುಡೆ (ಫ್ಲೋಟ್) ಏಳುತ್ತದೆಯೇ ನೋಡಿ. ಜಡಿಮಳೆಯಲ್ಲೇ ಕರೆಂಟೂ ಹೋಗುವುದರಿಂದ ಬ್ಯಾಟರಿ ಬ್ಯಾಕಪ್ ಬೇಕೇ ಬೇಕು. 2013ರ ಜುಲೈ 8ರಂದು ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ 126 ಮಿ.ಮೀ. ಸುರಿದಿತ್ತು, 2024ರ ಜುಲೈ 16ರಂದು ಸುಮಾರು 98. ಅಂಥ ದಿನ ಚರಂಡಿ ತುಂಬಿ ಕೊಳಚೆ ಹಿಂದಕ್ಕೆ ನುಗ್ಗುತ್ತದೆ. ಅದನ್ನು ತಡೆಯುವುದು ಬ್ಯಾಕ್‌ವಾಟರ್ ವಾಲ್ವ್. ಟೊರಾಂಟೊ ನಗರಾಡಳಿತ ಇದಕ್ಕೆ ಸಹಾಯಧನ ಕೊಡುತ್ತದೆ, ಪರ್ಮಿಟ್ ತೆಗೆದುಕೊಂಡೇ ಮಾಡಿಸಿ. ವಾಲ್ವ್ ಮುಚ್ಚಿದ್ದಾಗ ಮೇಲೆ ಸ್ನಾನ, ಬಟ್ಟೆ ಒಗೆಯುವುದು ಬೇಡ: ಹೋಗಲು ದಾರಿಯಿಲ್ಲದೆ ನಿಮ್ಮ ನೀರೇ ಕೆಳಗೆ ಉಕ್ಕುತ್ತದೆ. ವಿಮೆಯಲ್ಲಿ ಚರಂಡಿ ಹಿಮ್ಮುಖ ಹರಿವಿಗೆ ಸಾಮಾನ್ಯವಾಗಿ ಬೇರೆಯೇ ಕವರ್ ಸೇರಿಸಿಕೊಳ್ಳಬೇಕು, ಕೇಳಿ ನೋಡಿ.

ಚಳಿಗಾಲದ ಲೆಕ್ಕ ಬೇರೆ. ಆಗ ಹೊರಗಿನ ಗಾಳಿ ಒಣ, ಶಾಖ ಉಳಿಸಿಕೊಂಡು ಒಳಗಾಳಿ ಬದಲಿಸುವ ಯಂತ್ರ, ಎಚ್‌ಆರ್‌ವಿ, ಓಡಲಿ. ಎರಡು ಮೂರು ತಿಂಗಳಿಗೊಮ್ಮೆ ಅದರ ಫಿಲ್ಟರ್ ತೊಳೆಯಿರಿ. ಡ್ರೈಯರ್ ಗಾಳಿ ಲೋಹದ ಕೊಳವೆಯಲ್ಲಿ ಹೊರಕ್ಕೇ ಹೋಗಬೇಕು. ಕಿಟಕಿ ಬಾಗಿಲು ಮುಚ್ಚಿರುವ ಈ ಕಾಲದಲ್ಲೇ ಮಣ್ಣಿನಿಂದ ಒಳಸೇರುವ ವಿಕಿರಣಶೀಲ ಅನಿಲ ರೇಡಾನ್‌ನ ಪರೀಕ್ಷೆಯ ಡಬ್ಬಿಯನ್ನೂ ಮೂರು ತಿಂಗಳು ಇಡಿ. ಹೆಲ್ತ್ ಕೆನಡಾದ ಮಿತಿ ಘನ ಮೀಟರಿಗೆ 200 ಬೆಕೆರೆಲ್ (ವಿಕಿರಣದ ಅಳತೆ).

ಅಕ್ಕಿ ಮೂಟೆಯನ್ನು ಕಾಂಕ್ರೀಟಿನ ಮೇಲೆ ನೇರ ಇಡದೆ ಮಣೆಯ ಮೇಲಿಡಿ, ಗೋಡೆಯಿಂದ ನಾಲ್ಕು ಬೆರಳು ದೂರ. ರಟ್ಟಿನ ಡಬ್ಬ ತೇವ ಹೀರುತ್ತದೆ, ಮುಚ್ಚಳದ ಪ್ಲಾಸ್ಟಿಕ್ ಡಬ್ಬ ವಾಸಿ. ರೇಷ್ಮೆ ಸೀರೆಯ ಸೂಟ್‌ಕೇಸ್ ಮಾತ್ರ ಮೇಲಿನ ಮಹಡಿಯಲ್ಲೇ ಇರಲಿ.