ಒಂದೇ ಸರ್ಕಿಟ್, ಎರಡು ಪ್ರಾಜೆಕ್ಟ್: ನಾನು ಮಕ್ಕಳಿಗೆ ಕಲಿಸುವ ಕ್ರಮ

ಮಕ್ಕಳ ಕೈಗೆ ನಾನು ಮೊದಲು ಕೊಡುವುದು ಆರ್ಡುಯಿನೋ (ಕೋಡ್ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಅಲ್ಲ. 3 ವೋಲ್ಟಿನ ಸಿಆರ್2032 ಬಟನ್ ಸೆಲ್, ಒಂದು ಕೆಂಪು ಎಲ್‌ಇಡಿ, ಅಷ್ಟೇ. ಉದ್ದ ಕಾಲು ಪ್ಲಸ್ಸಿಗೆ ತಾಗಿದರೆ ಉರಿಯುತ್ತದೆ, ತಿರುಗಿಸಿದರೆ ಇಲ್ಲ. ಕೋಡ್ ಇಲ್ಲದೆ ಉರಿದದ್ದನ್ನು ನೋಡಿದ ಮಗು, ಮುಂದೆ ದೀಪ ಹೊತ್ತದಿದ್ದರೆ ತಪ್ಪು ವೈರಿನಲ್ಲೋ ಕೋಡಿನಲ್ಲೋ ಎಂದು ಬಿಡಿಸಿ ಯೋಚಿಸುತ್ತದೆ. ಬಟನ್ ಸೆಲ್ ನುಂಗಿದರೆ ಜೀವಕ್ಕೇ ಅಪಾಯ. ಎಣಿಸಿ ಕೊಟ್ಟು, ಎಣಿಸಿಯೇ ವಾಪಸ್ ಪಡೆಯುತ್ತೇನೆ.

ಮುಂದಿನದು ಕತ್ತಲಾದರೆ ಹೊತ್ತುವ ದೀಪ. ಆರ್ಡುಯಿನೋ ಊನೋ, ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗ ಚುಚ್ಚುವ ತೂತುಗಳ ಹಲಗೆ), ಎಲ್‌ಡಿಆರ್ (ಬೆಳಕು ಹೆಚ್ಚಾದಂತೆ ಕರೆಂಟಿಗೆ ತಡೆ ಕಡಿಮೆ ಮಾಡುವ ಸೆನ್ಸರ್), ಕರೆಂಟನ್ನು ತಡೆಯುವ 10 ಕಿಲೋಓಮ್ ಮತ್ತು 220 ಓಮ್ ರೆಸಿಸ್ಟರ್ ಒಂದೊಂದು, ಎಲ್‌ಇಡಿ, ಐದಾರು ಜಂಪರ್ ವೈರ್ ಸಾಕು. ಎಲ್‌ಡಿಆರ್‌ನ ಒಂದು ಕಾಲು 5 ವೋಲ್ಟಿಗೆ, ಇನ್ನೊಂದು ವೋಲ್ಟೇಜನ್ನು ಸಂಖ್ಯೆಯಾಗಿ ಓದುವ ಎ0 ಪಿನ್ನಿಗೆ. ಅದೇ ಎ0ಯಿಂದ 10 ಕಿಲೋಓಮ್ ಗ್ರೌಂಡಿಗೆ, ಅಂದರೆ ಬೋರ್ಡಿನ ಮೈನಸ್ಸಿಗೆ. 9ನೇ ಪಿನ್ನಿನಿಂದ 220 ಓಮ್ ಮೂಲಕ ಎಲ್‌ಇಡಿಯ ಉದ್ದ ಕಾಲಿಗೆ. ಗಿಡ್ಡ ಕಾಲು ಗ್ರೌಂಡಿಗೆ.

ಮೊದಲ ಕೋಡ್ ದೀಪ ಹೊತ್ತಿಸುವುದಲ್ಲ, ಎ0 ಓದಿ ಸೀರಿಯಲ್ ಮಾನಿಟರಿನಲ್ಲಿ (ಬೋರ್ಡ್ ಕಳಿಸಿದ್ದನ್ನು ಕಂಪ್ಯೂಟರಿನಲ್ಲಿ ತೋರಿಸುವ ಕಿಟಕಿ) ಸಂಖ್ಯೆ ತೋರಿಸುವುದು. 0ಯಿಂದ 1023ರೊಳಗೆ ಬರುವ ಆ ಸಂಖ್ಯೆಯೇ ನಿಜವಾದ ಮೇಷ್ಟ್ರು. ಯಾವಾಗಲೂ 1023ರ ಹತ್ತಿರವೇ ಇದ್ದರೆ ಗ್ರೌಂಡಿಗೆ ಹೋಗುವ ರೆಸಿಸ್ಟರ್ ಕೂತಿಲ್ಲ. ಯಾವಾಗಲೂ 0 ಆದರೆ 5 ವೋಲ್ಟಿನ ಕಡೆ ಸಂಪರ್ಕ ತಪ್ಪಿದೆ. ಅಡ್ಡಾದಿಡ್ಡಿ ಕುಣಿಯುತ್ತಿದ್ದರೆ ಎ0 ವೈರ್ ಪಕ್ಕದ ಸಾಲಿನ ತೂತಿಗೆ ಹೋಗಿರುತ್ತದೆ. ಈ ಮೂರನ್ನೂ ಬೇಕೆಂದೇ ಕಿತ್ತು ತೋರಿಸುತ್ತೇನೆ.

ಕೈಯಿಂದ ಮುಚ್ಚಿದಾಗ 180, ಬಿಟ್ಟಾಗ 700 ಬಂತು ಅನ್ನಿ. ಮಕ್ಕಳು ನಟ್ಟನಡುವಿನ 440ಕ್ಕಿಂತ ಕಡಿಮೆಯಾದರೆ ಹೊತ್ತಲಿ ಎಂದು ಬರೆಯುತ್ತಾರೆ, ಸಂಜೆಯ ಮಬ್ಬಿನಲ್ಲಿ ದೀಪ ಪಟಪಟ ಮಿನುಗುತ್ತದೆ. ಎಲ್‌ಇಡಿಯ ಬೆಳಕೇ ಎಲ್‌ಡಿಆರ್ ಮೇಲೆ ಬಿದ್ದು ಸಂಖ್ಯೆ ಏರುತ್ತದೆ, ದೀಪ ಆರುತ್ತದೆ, ಮತ್ತೆ ಕತ್ತಲು. ಕಾರಣವನ್ನು ಅವರೇ ಹುಡುಕಲಿ, ಹೇಳಿಬಿಡಬೇಡಿ. ಎರಡರ ನಡುವೆ ರಟ್ಟಿನ ತುಂಡು ನಿಲ್ಲಿಸುವುದು ಒಂದು ದಾರಿ. 350ಕ್ಕಿಂತ ಇಳಿದರೆ ಹೊತ್ತಿಸಿ, 500 ದಾಟಿದರಷ್ಟೇ ಆರಿಸುವುದು ಇನ್ನೊಂದು. ಎರಡನೆಯದರಲ್ಲಿ ಕೋಡಿಂಗಿನ ಪಾಠ ಹೆಚ್ಚು. ದೀಪದ ಬೆಳಕಿಗೇ 500 ದಾಟುತ್ತಿದ್ದರೆ ಈ ಎರಡು ಮಿತಿಗಳ ಅಂತರ ಇನ್ನೂ ಹೆಚ್ಚಿಸಬೇಕು.

ಈಗ ಎರಡನೇ ಪ್ರಾಜೆಕ್ಟ್, ಮಣ್ಣು ಒಣಗಿದರೆ ಹೊತ್ತುವ ದೀಪ. ಎಲ್‌ಡಿಆರ್ ತೆಗೆದು ಅದೇ ಜಾಗದಿಂದ ಎರಡು ವೈರ್ ಎಳೆದು, ತುದಿಗೆ ಒಂದೊಂದು ಮೊಳೆ ಕಟ್ಟಿ ಕುಂಡದ ಮಣ್ಣಿಗೆ ಚುಚ್ಚಿ. ಒದ್ದೆ ಮಣ್ಣಿಗೆ ಸಂಖ್ಯೆ ಹೆಚ್ಚು, ಒಣಗಿದರೆ ಕಡಿಮೆ. ಕೋಡ್ ಅದೇ, ಮಿತಿಗಳನ್ನು ಹೊಸದಾಗಿ ಅಳೆಯಬೇಕು. ಸದಾ ಕರೆಂಟ್ ಹರಿಯುತ್ತಿದ್ದರೆ ಪ್ಲಸ್ ಕಡೆಯ ಮೊಳೆ ಸವೆದು ಹೋಗುತ್ತದೆ. ಆದ್ದರಿಂದ 5 ವೋಲ್ಟಿನ ವೈರನ್ನು 7ನೇ ಪಿನ್ನಿಗೆ ಬದಲಿಸಿ, ಓದುವ ಕ್ಷಣದಲ್ಲಷ್ಟೇ ಅದನ್ನು ಆನ್ ಮಾಡಿಸುತ್ತೇನೆ.

ಇಷ್ಟಾದ ಮೇಲೆ ನೀರು ಹಾಕುವ ಪಂಪನ್ನೂ ಮಕ್ಕಳು ಕೇಳಿಯೇ ಕೇಳುತ್ತಾರೆ. ಪಿನ್ನಿನಿಂದ ನೇರ ಕೊಡಬೇಡಿ, ಅದರಿಂದ 20 ಮಿಲಿಆಂಪ್‌ಗಿಂತ ಹೆಚ್ಚು ಎಳೆಯಬಾರದು. ಪಿನ್ನಿನ ಸಣ್ಣ ಕರೆಂಟಿನಿಂದ ದೊಡ್ಡದನ್ನು ಆನ್ ಮಾಡುವ ಟ್ರಾನ್ಸಿಸ್ಟರ್, ಪಂಪಿನ ಮೋಟರಿಗೆ ಅಡ್ಡಲಾಗಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಬೇರೆ ಬ್ಯಾಟರಿ ಬೇಕು. ಬ್ಯಾಟರಿಯ ಮೈನಸ್ಸನ್ನು ಆರ್ಡುಯಿನೋದ ಗ್ರೌಂಡಿಗೆ ಸೇರಿಸದಿದ್ದರೆ ಪಂಪ್ ತಿರುಗುವುದೇ ಇಲ್ಲ.