ಬೆಂಗಳೂರು–ದೆಹಲಿ ವಿಮಾನದೂರವನ್ನು ನಾನೇ ಲೆಕ್ಕ ಹಾಕಿದ ಬಗೆ

ಕಳೆದ ಜನವರಿಯಲ್ಲಿ ದೆಹಲಿಗೆ ಹೊರಡುವ ಮುನ್ನ ಬೆಂಗಳೂರಿನಿಂದ ಅಲ್ಲಿಗೆ ಎಷ್ಟು ದೂರವೆಂದು ಹುಡುಕಿದಾಗ, ಒಂದು ಕಡೆಯ ಅಂಕಿಗೂ ಇನ್ನೊಂದು ಕಡೆಯ ಅಂಕಿಗೂ ಆರೇಳು ಕಿಲೋಮೀಟರ್ ವ್ಯತ್ಯಾಸ ಕಂಡಿತು. ಗಣಿತ ಕಲಿಸಿ ನಿವೃತ್ತನಾದವನು ಇಂಥದ್ದನ್ನು ಹಾಗೆಯೇ ಬಿಡಲಾರ. ಕಾಗದ ಹಿಡಿದು ಕುಳಿತೆ.

ಈ ಜೋಡಿಯ ಲೆಕ್ಕ ಸುಲಭವಾಗಲು ಕಾರಣವಿದೆ. ಬೆಂಗಳೂರು ವಿಮಾನ ನಿಲ್ದಾಣದ ರೇಖಾಂಶ 77.7 ಡಿಗ್ರಿ, ದೆಹಲಿಯದು 77.1 ಡಿಗ್ರಿ, ಅಂದರೆ ಒಂದರ ನೆತ್ತಿಯ ಮೇಲೆ ಇನ್ನೊಂದು ಕುಳಿತಂತೆ, ನಡುವೆ ಗೆರೆ ಎಳೆದರೆ ಅದು ಭೋಪಾಲದ ಬಳಿ ಹಾದುಹೋಗುತ್ತದೆ. ಅಕ್ಷಾಂಶಗಳು 13 ಡಿಗ್ರಿ 12 ಮಿನಿಟು ಮತ್ತು 28 ಡಿಗ್ರಿ 34 ಮಿನಿಟು (ಡಿಗ್ರಿಯ ಅರವತ್ತರಲ್ಲೊಂದು ಭಾಗ ಒಂದು ಮಿನಿಟು). ಅಂತರ 15 ಡಿಗ್ರಿ 22 ಮಿನಿಟು, ಎಂದರೆ 922 ಮಿನಿಟು; ಅಕ್ಷಾಂಶದ ಒಂದು ಮಿನಿಟಿಗೆ ಒಂದು ನಾಟಿಕಲ್ ಮೈಲು. ಮೊದಲ ಸಲ ಅಭ್ಯಾಸಬಲದಿಂದ 1.609ರಿಂದ ಗುಣಿಸಿ 1,483 ಎಂದು ಬರೆದು, ಎಲ್ಲ ಜಾಲತಾಣಗಳೂ ತಪ್ಪೆಂದು ಅರ್ಧ ಗಂಟೆ ನಂಬಿಕೊಂಡಿದ್ದೆ. ಅದು ನೆಲದ ಮೈಲಿನ ಗುಣಕ. ನಾಟಿಕಲ್ ಮೈಲು 1.852 ಕಿ.ಮೀ. ರೇಖಾಂಶದ ಅಂತರದಿಂದ ಬರುವ 34 ನಾಟಿಕಲ್ ಮೈಲಿನ ಓರೆಯನ್ನು ಪೈಥಾಗೊರಸನ ಸೂತ್ರದಲ್ಲಿ ಸೇರಿಸಿದರೂ ಹೆಚ್ಚಾದದ್ದು ಒಂದೇ ಕಿಲೋಮೀಟರ್: ಒಟ್ಟು 1,709.

ಆರೇಳು ಕಿಲೋಮೀಟರಿನ ಗುಟ್ಟು ಭೂಮಿಯ ಆಕಾರದಲ್ಲಿತ್ತು. ಧ್ರುವಗಳಲ್ಲಿ ಚಪ್ಪಟೆಯಾದ ಭೂಮಿಯ ಮೇಲೆ ಅಕ್ಷಾಂಶದ ಒಂದು ಡಿಗ್ರಿ ಸಮಭಾಜಕದ ಬಳಿ 110.6 ಕಿ.ಮೀ., ಧ್ರುವದ ಬಳಿ 111.7 ಕಿ.ಮೀ.; ನಮ್ಮ ದಾರಿಯ ನಡುವೆ ಸುಮಾರು 110.7. ಹಾಗೆ ಲೆಕ್ಕ ಹಾಕಿದರೆ 1,702 ಬರುತ್ತದೆ. ಭೂಮಿಯನ್ನು ಚೆಂಡೆಂದು ಭಾವಿಸಿದವರಿಗೂ ಅಲ್ಲವೆಂದವರಿಗೂ ನಡುವಿನ ವ್ಯತ್ಯಾಸವದು.

ಸಮಯ ಮಾತ್ರ ಕಾಗದಕ್ಕೆ ಬಗ್ಗಲಿಲ್ಲ. ಗಂಟೆಗೆ 830 ಕಿ.ಮೀ. ವೇಗಕ್ಕೆ 2 ಗಂಟೆ 3 ನಿಮಿಷ ಸಾಕು. ಟಿಕೆಟ್ಟಿನಲ್ಲಿದ್ದದ್ದು 6:10ರಿಂದ 9:00. ಕಿಟಕಿಯ ಸೀಟಿನಲ್ಲಿ ಕೈಗಡಿಯಾರ ನೋಡುತ್ತ ಬರೆದುಕೊಂಡೆ: ಗೇಟಿನಿಂದ ಹಿಂದಕ್ಕೆ ಸರಿದದ್ದು 6:08, ನೆಲ ಬಿಟ್ಟದ್ದು 6:27, ಚಕ್ರ ನೆಲ ಮುಟ್ಟಿದ್ದು 8:45, ಗೇಟಿಗೆ ನಿಂತದ್ದು 8:57. ಟಿಕೆಟ್ಟಿನ ಹೊತ್ತು ಗೇಟಿನಿಂದ ಗೇಟಿಗಿನದು. ನೆಲದ ಮೇಲೆ ಉರುಳಿದ್ದೇ 31 ನಿಮಿಷ. ಗಾಳಿಯಲ್ಲಿ ಕಳೆದ 2 ಗಂಟೆ 18 ನಿಮಿಷದಲ್ಲೂ ಲೆಕ್ಕಕ್ಕಿಂತ ಹದಿನೈದು ನಿಮಿಷ ಹೆಚ್ಚು. ಏರುವಾಗ ಇಳಿಯುವಾಗ 10,000 ಅಡಿಯ ಕೆಳಗೆ ವೇಗ 250 ನಾಟ್, ಅಂದರೆ ಗಂಟೆಗೆ 250 ನಾಟಿಕಲ್ ಮೈಲು, ಮೀರುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡೂ ನಿಲ್ದಾಣಗಳ ರನ್‌ವೇಗಳು ಹೆಚ್ಚು ಕಡಿಮೆ ಪೂರ್ವ-ಪಶ್ಚಿಮವಾಗಿವೆ. ಉತ್ತರಕ್ಕೆ ಹೋಗುವವರು ಅಡ್ಡಲಾಗಿ ಏರಿ ತಿರುಗಬೇಕು, ಅಲ್ಲಿ ಮತ್ತೆ ತಿರುಗಿ ಇಳಿಯಬೇಕು. ಅಂದು ನಾವು ಪಶ್ಚಿಮಕ್ಕೆ ಮುಖ ಮಾಡಿ ಇಳಿದದ್ದರಿಂದ, ದೆಹಲಿ ಸಮೀಪಿಸಿದ ಮೇಲೂ ಪೂರ್ವಕ್ಕೆ ಸಾಗಿ, ಸೂರ್ಯನನ್ನು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ದಾಟಿಸಿಕೊಂಡು ಬಂದೆವು.

ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಎತ್ತರದಲ್ಲಿ ಪಶ್ಚಿಮದಿಂದ ಬಲವಾದ ಗಾಳಿ ಬೀಸುತ್ತದೆ. ದೆಹಲಿ–ಕೋಲ್ಕತ್ತ ದಾರಿಯಲ್ಲಿ ಅದು ಹೋಗುವವರನ್ನು ತಳ್ಳಿ ಬರುವವರನ್ನು ತಡೆಯುತ್ತದೆ. ನಮ್ಮ ದಾರಿಗೆ ಅದು ಅಡ್ಡಗಾಳಿ. ನಾಲ್ಕು ದಿನಗಳ ನಂತರ ಹಿಂದಿರುಗುವಾಗ ಗಾಳಿಯಲ್ಲಿ ಕಳೆದದ್ದು 2 ಗಂಟೆ 21 ನಿಮಿಷ.