ತಣ್ಣೀರ ನಳದಲ್ಲಿ ಬಿಸಿನೀರು ಬಂದರೆ

ಜನವರಿಯ ನಸುಕು. ಅಡುಗೆಮನೆಯಿಂದ ಮನೆಯವಳು ಕೂಗಿದಳು: "ಏನ್ರೀ, ತಣ್ಣೀರಿನ ನಳಾ ತಿರುವಿದ್ರ ಬಿಸಿನೀರು ಬರಾಕತ್ತೈತಲ್ಲ!"

ಮೇ ತಿಂಗಳ ಮಧ್ಯಾಹ್ನವಾಗಿದ್ದರೆ ನಾನು ಏಳುತ್ತಲೂ ಇರಲಿಲ್ಲ. ವಿಜಯಪುರದ ಬಿಸಿಲಿಗೆ ಮಾಳಿಗೆ ಮೇಲಿನ ಕರಿ ಟ್ಯಾಂಕೇ ಹಂಡೆಯಾಗಿರುತ್ತದೆ. ಆದರೆ ಚಳಿಯಲ್ಲಿ, ಸೂರ್ಯ ಹುಟ್ಟುವ ಮೊದಲು ಬಿಸಿ ಬಂದರೆ? ಅದು ಸೋಲಾರ್ ಟ್ಯಾಂಕಿನಿಂದ ಕಳ್ಳದಾರಿ ಹಿಡಿದ ನೀರು. ಬಂದ ಪ್ಲಂಬರ್ ಪ್ಯಾನೆಲ್ ಬದಲಿಸಿ ಅಂದ. ಪ್ಯಾನೆಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಮಾಳಿಗೆಗೆ ಹೋಗಿ, ಸೋಲಾರ್‌ನಿಂದ ಮನೆಯೊಳಗೆ ಇಳಿಯುವ ಬಿಸಿನೀರಿನ ವಾಲ್ವ್ ಮುಚ್ಚಿ. ಮೇಲಕ್ಕೆ ನಿಂತಿರುವ ಗಾಳಿ ಪೈಪ್ ಮಾತ್ರ ಎಂದೂ ಮುಚ್ಚಬೇಡಿ. ಈಗ ತಣ್ಣೀರು ಐದು ನಿಮಿಷ ಬಿಡಿ. ತಣ್ಣಗಾಯಿತೇ? ಹಾಗಾದರೆ ಮನೆಯೊಳಗೇ ಎಲ್ಲೋ ಮಿಕ್ಸರ್‌ನಲ್ಲಿ, ಅಂದರೆ ಬಿಸಿನೀರು ತಣ್ಣೀರು ಬೆರೆಸಿ ಕೊಡುವ ನಳದಲ್ಲಿ, ಎರಡೂ ನೀರು ಕೂಡುತ್ತಿವೆ.

ನಮ್ಮಲ್ಲಿ ಕಳ್ಳ ಸಿಕ್ಕಿದ್ದು ಮಗನ ಬಚ್ಚಲಿನಲ್ಲಿ. ಅವನು ಸ್ನಾನ ಮುಗಿಸಿ ಕೈ ಶವರ್‌ನ ಗುಂಡಿಯಷ್ಟೇ ಬಂದ್ ಮಾಡುತ್ತಿದ್ದ. ಗೋಡೆಯ ಎರಡೂ ತಿರುಪು ತೆರೆದೇ ಇರುತ್ತಿದ್ದವು. ಬಾಯಿ ಮುಚ್ಚಿದೆ, ಒಳಗೆ ದಾರಿ ತೆರೆದಿದೆ. ಕೆಳಗೆ ಅಡುಗೆಮನೆಯಲ್ಲಿ ತಣ್ಣೀರು ಬಿಟ್ಟ ಕೂಡಲೇ ಆ ಲೈನಿನ ಒತ್ತಡ ಇಳಿಯುತ್ತದೆ, ಬಿಸಿನೀರು ಅತ್ತ ನುಗ್ಗುತ್ತದೆ. ತಿರುಪು ಮುಚ್ಚಿದರೂ ನಿಲ್ಲದಿದ್ದರೆ ಮಿಕ್ಸರ್‌ನ ಒಳಭಾಗ ಸವೆದಿದೆ. ಮಾಳಿಗೆಯ ವಾಲ್ವ್ ಮತ್ತೆ ತೆರೆದು, ಒಂದೊಂದೇ ಬಚ್ಚಲಿನ ಆಂಗಲ್ ಕಾಕ್ (ಗೋಡೆಯಲ್ಲಿ ನೀರು ನಿಲ್ಲಿಸುವ ಚಿಕ್ಕ ವಾಲ್ವ್) ಮುಚ್ಚುತ್ತಾ ಹೋದರೆ ಯಾವುದೆಂದು ತಿಳಿಯುತ್ತದೆ.

ವಾಲ್ವ್ ಮುಚ್ಚಿದ ಮೇಲೂ ಬಿಸಿ ಬರುತ್ತಿದ್ದರೆ ಸೋಲಾರ್‌ಗೆ ತಣ್ಣೀರು ತುಂಬುವ ಪೈಪ್ ನೋಡಿ. ಅದೇ ಪೈಪಿನಿಂದ ಮನೆಗೂ ಕವಲು ಕೊಟ್ಟಿದ್ದರೆ ನೀರು ಹಿಂದಕ್ಕೆ ಬರುತ್ತದೆ. ಅದನ್ನು ತಡೆಯಲು ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವ್, ಬೇಕು, ಬಾಣದ ಗುರುತು ಸೋಲಾರ್ ಟ್ಯಾಂಕಿನ ಕಡೆಗೆ. ಪಕ್ಕದ ಮನೆ ಕಾಕಾ ಅವರಲ್ಲಿ ಎನ್‌ಆರ್‌ವಿ ಇತ್ತು. ಬೋರಿನ ಗಡಸು ನೀರಿಗೆ ಬಿಳಿ ಪದರ ಕಟ್ಟಿ, ಒಳಗಿನ ಬಿಲ್ಲೆ ಅರ್ಧ ತೆರೆದೇ ಅಂಟಿಕೊಂಡಿತ್ತು.

ಪುಕ್ಕಟೆ ಬಿಸಿನೀರು, ಇರಲಿ ಬಿಡು ಅನ್ನಬೇಡಿ. ಸೋಲಾರ್ ನೀರು 60 ಡಿಗ್ರಿ ದಾಟಬಹುದು. ತಣ್ಣೀರಿಗೆಂದು ಹಾಕಿದ ಪಿವಿಸಿ ಪೈಪ್ ಆ ಬಿಸಿಗೆ ಮೆತ್ತಗಾಗುತ್ತದೆ. ಸಂಡಾಸದ ಜೆಟ್‌ನಲ್ಲಿ ಆ ನೀರು ಬಂದರೆ ಏನಾಗುತ್ತದೆಂದು ನಾನು ಬರೆಯಬೇಕಿಲ್ಲ, ಅಲ್ವಾ?

ಮಗನ ಬಚ್ಚಲಿನಲ್ಲಿ ಈಗ ಕೈ ಶವರ್ ಇಲ್ಲ. ಬಕೆಟ್ ಮತ್ತು ತಂಬಿಗೆ ಇವೆ.